ಬಡಾವಣೆಯಲ್ಲಿ ಮನಸ್ಸಿನ ಆರೋಗ್ಯದ ಸಭೆ: ಸರ್ಕಾರದ ಸೌಲಭ್ಯ ಬಳಸಿಕೊಂಡು ನಡೆಸುವ ಬಗೆ

ನಮ್ಮ ಮೊದಲ ಸಭೆಗೆ ಬಾಡಿಗೆಗೆ ತಂದ ಕುರ್ಚಿಗಳು ಎಂಬತ್ತು, ಬಂದವರು ಒಂಬತ್ತು ಮಂದಿ. ಅವರಲ್ಲಿ ಐವರು ನಿವಾಸಿಗಳ ಸಂಘದ ಪದಾಧಿಕಾರಿಗಳು, ಒಬ್ಬರು ಭಾಷಣಕಾರರು, ಒಬ್ಬರು ಅವರ ಕಾರಿನ ಚಾಲಕ, ಒಬ್ಬ ಕಾಫಿ ತಂದ ಹುಡುಗ. ಒಂಬತ್ತನೆಯವರು ಸಕ್ಕರೆ ಕಾಯಿಲೆಯ ಶಿಬಿರವೆಂದು ತಿಳಿದು ಬಂದ ಹಿರಿಯರು. ರಕ್ತ ಪರೀಕ್ಷೆ ಯಾವಾಗ ಎಂದು ಎರಡು ಸಲ ಕೇಳಿ, ಕಾಫಿ ಮುಗಿಸಿ, ಎದ್ದು ಹೋದರು.

ತಪ್ಪು ಬಾಗಿಲಲ್ಲೇ ಇತ್ತು. ‘ಮಾನಸಿಕ ರೋಗ ಜಾಗೃತಿ ಶಿಬಿರ, ಎಲ್ಲರಿಗೂ ಸ್ವಾಗತ’ ಎಂದು ಹತ್ತು ಅಡಿಯ ಬ್ಯಾನರ್ ಕಟ್ಟಿದ್ದೆವು. ಅದರ ಕೆಳಗೆ ತಲೆ ಬಗ್ಗಿಸಿ ಒಳಗೆ ಬರುವ ಧೈರ್ಯ ಯಾರಿಗಿದೆ? ಬಂದವರ ಮನೆಯಲ್ಲಿ ಯಾರಿಗೆ ಏನಾಗಿದೆ ಎಂಬ ವಿಚಾರಣೆ ಸಂಜೆಯ ಹೂವಿನ ಗಾಡಿಯ ಹತ್ತಿರವೇ ಶುರುವಾಗುತ್ತದೆ. ನಮ್ಮ ಬಡಾವಣೆ ಬೆಂಗಳೂರಿನ ಪಶ್ಚಿಮ ಭಾಗದಲ್ಲಿದೆ. ಇಲ್ಲಿ ಹಳೆಯ ಮನೆಗಳೂ ಇವೆ, ಲಿಫ್ಟ್ ಇರುವ ನಾಲ್ಕಾರು ಅಪಾರ್ಟ್‌ಮೆಂಟ್‌ಗಳೂ ಇವೆ. ಎರಡೂ ಕಡೆ ಗುಟ್ಟು ನಿಲ್ಲುವುದಿಲ್ಲ.

ಆಮೇಲೆ ನಾಲ್ಕು ಸಭೆ ನಡೆಸಿದೆವು. ಎರಡನೆಯದಕ್ಕೆ ನಲವತ್ತಮೂರು ಮಂದಿ ಬಂದರು. ನಾನು ನಿವೃತ್ತ ಶಾಲಾ ಶಿಕ್ಷಕಿ, ವೈದ್ಯೆಯಲ್ಲ. ಔಷಧದ ವಿಚಾರ ನನ್ನ ಕೈಯಲ್ಲಿಲ್ಲ. ಸಭೆ ಕೂಡಿಸುವ ವಿಚಾರ ಮಾತ್ರ ಪೆಟ್ಟು ತಿಂದು ಕಲಿತಿದ್ದೇನೆ. ಮುಂದಿನ ಎಲ್ಲ ಸೂಚನೆಗಳ ಬೇರು ಒಂದೇ: ಯಾರು ಯಾಕೆ ಬಂದರು ಎಂಬುದು ಪಕ್ಕದ ಕುರ್ಚಿಯವರಿಗೂ ಗೊತ್ತಾಗಬಾರದು.

ಮೊದಲು, ಕೇಳುವ ಹಕ್ಕು ನಿಮ್ಮದೆಂದು ತಿಳಿಯಿರಿ

ಆರೋಗ್ಯ ಇಲಾಖೆಯ ಕಚೇರಿಯಲ್ಲಿ ನಾವು ಉಪಕಾರ ಬೇಡುವವರ ಹಾಗೆ ಕೈ ಹೊಸೆಯುತ್ತಾ ನಿಲ್ಲುತ್ತೇವೆ. ಆ ಅಗತ್ಯವಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ, ಆ ಕಾಯ್ದೆಯ ಬಗ್ಗೆ ಟಿವಿ, ರೇಡಿಯೊ, ಪತ್ರಿಕೆ, ಅಂತರಜಾಲಗಳಲ್ಲಿ ಆಗಾಗ ಪ್ರಚಾರ ಮಾಡುವುದು, ಕಾಯಿಲೆಗೆ ಅಂಟಿದ ಕಳಂಕ ಕಳೆಯುವ ಕಾರ್ಯಕ್ರಮ ನಡೆಸುವುದು, ಪೊಲೀಸರೂ ಸೇರಿದಂತೆ ಅಧಿಕಾರಿಗಳಿಗೆ ತಿಳಿವಳಿಕೆ ಕೊಡುವುದು ಸರ್ಕಾರದ ಕರ್ತವ್ಯ. 29ನೇ ಸೆಕ್ಷನ್ನಿನಲ್ಲಿ ಆತ್ಮಹತ್ಯೆ ತಡೆಯ ಕಾರ್ಯಕ್ರಮಗಳೂ ಬರುತ್ತವೆ. ಪತ್ರ ಬರೆಯುವಾಗ ಈ ಎರಡು ಸಂಖ್ಯೆಗಳನ್ನು ಒಂದು ಸಾಲಿನಲ್ಲಿ ಸೇರಿಸಿ. ಗುಮಾಸ್ತರು ಕನ್ನಡಕ ಸರಿಪಡಿಸಿಕೊಂಡು ಇನ್ನೊಮ್ಮೆ ಓದುತ್ತಾರೆ.

ಈ ಕೆಲಸ ಸರ್ಕಾರಕ್ಕೆ ಹೊಸದೂ ಅಲ್ಲ. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು 1982ರಲ್ಲಿ. ದೊಡ್ಡ ಆಸ್ಪತ್ರೆಗೆ ರೋಗಿ ಬರಲೆಂದು ಕಾಯುವ ಬದಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟರೆ ಹೇಗೆ ಎಂದು ಆ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗ ಮಾಡಿತು. ಆ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಜಾರಿಗೆ ಬಂತು. ಬಳ್ಳಾರಿ ಎಂದರೆ ಗಣಿ, ಬಿಸಿಲು ಎಂದಷ್ಟೇ ನೆನೆಯುವವರಿಗೆ ಇದನ್ನು ಹೇಳುವುದೆಂದರೆ ನನಗೆ ಖುಷಿ.

ಅಗತ್ಯ ಎಷ್ಟಿದೆ ಎಂದು ಸಂಘದ ಖಜಾಂಚಿ ಕೇಳಿಯೇ ಕೇಳುತ್ತಾರೆ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ. 10.6 ಮಂದಿಗೆ ಆ ಹೊತ್ತಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಚಿಕಿತ್ಸೆ ಸಿಗದವರ ಪ್ರಮಾಣ, ಕಾಯಿಲೆಯ ಬಗೆಗೆ ತಕ್ಕಂತೆ, ಶೇ. 70ರಿಂದ 92. ನೂರು ಮನೆಗಳ ಬೀದಿಯಲ್ಲಿ ಇದು ಎಷ್ಟು ಮನೆಯ ಬಾಗಿಲಾಗುತ್ತದೆ ಎಂದು ಖಜಾಂಚಿಯೇ ಲೆಕ್ಕ ಹಾಕಲಿ.

ಎರಡನೆಯದು, 14416ಕ್ಕೆ ನೀವೇ ಕರೆ ಮಾಡಿ

ಮನಸ್ಸಿನ ತೊಂದರೆ ಇರುವವರಿಗೆಂದು ಸರ್ಕಾರ ನಡೆಸುವ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಸಂಖ್ಯೆ 14416, 1800-891-4416 ಕೂಡ ಇದೆ. ಹಗಲು ರಾತ್ರಿ ನಡೆಯುತ್ತದೆ, ಕರೆಗೆ ದುಡ್ಡಿಲ್ಲ, ಕನ್ನಡವೂ ಸೇರಿ 20 ಭಾಷೆಗಳಿವೆ. ಇಡೀ ದೇಶದ ಈ ವ್ಯವಸ್ಥೆಗೆ ಕೇಂದ್ರ ನಮ್ಮ ನಿಮ್ಹಾನ್ಸ್. ತಾಂತ್ರಿಕ ನೆರವು ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯದು. ಮೊದಲು ಮಾತನಾಡುವವರು ತರಬೇತಿ ಪಡೆದ ಆಪ್ತಸಮಾಲೋಚಕರು. ಅಗತ್ಯ ಕಂಡರೆ ಅವರು ತಜ್ಞರಿಗೆ ದಾಟಿಸುತ್ತಾರೆ.

ಇಷ್ಟನ್ನು ಕರಪತ್ರದಿಂದ ಓದಿ ಹೇಳಬಹುದು. ಆದರೆ ಸಭೆಯಲ್ಲಿ ಮೊದಲ ಪ್ರಶ್ನೆ ಬರುವುದು ಹೀಗೆ: ‘ಕರೆ ಮಾಡಿದರೆ ಆ ಕಡೆಯಿಂದ ಏನು ಕೇಳುತ್ತಾರೆ ಮೇಡಂ?’ ಕರೆ ಮಾಡದೆ ಇದಕ್ಕೆ ಉತ್ತರ ಕೊಡಲಾಗದು.

ನಾನು ಮಾಡಿದ್ದು ಒಂದು ಮಧ್ಯಾಹ್ನ, ಕುಕ್ಕರಿಗೆ ಬೇಳೆ ಇಟ್ಟು, ಮೊಬೈಲನ್ನು ಅಡುಗೆ ಕಟ್ಟೆಯ ಮೇಲೆ ಒರಗಿಸಿಕೊಂಡು. ಧ್ವನಿಮುದ್ರಿಕೆ ಭಾಷೆ ಆರಿಸಿಕೊಳ್ಳಲು ಹೇಳಿತು. ಕೊಂಚ ಹೊತ್ತಿಗೆ ಒಬ್ಬ ಹುಡುಗಿಯ ದನಿ. ‘ಬಡಾವಣೆಯಲ್ಲಿ ಸಭೆ ಇಟ್ಟುಕೊಂಡಿದ್ದೇವೆ, ಜನರಿಗೆ ಏನು ಹೇಳಬೇಕು?’ ಎಂದೆ. ಆಕೆ ತಾಳ್ಮೆಯಿಂದ ಎಲ್ಲವನ್ನೂ ಹೇಳಿ, ಕೊನೆಗೆ ‘ನೀವು ಹೇಗಿದ್ದೀರಿ ಅಮ್ಮ? ನಿದ್ದೆ ಬರುತ್ತದೆಯೇ?’ ಎಂದು ಕೇಳಿದಳು. ಯಜಮಾನರು ತೀರಿಕೊಂಡ ಮೇಲೆ ಮೂರು ಗಂಟೆಯ ತನಕ ರೇಡಿಯೊ ಹಾಕಿಕೊಂಡು ಕೂರುವವಳು ನಾನು. ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಕುಕ್ಕರ್ ಎಷ್ಟು ಕೂಗಿತೋ ಗೊತ್ತಿಲ್ಲ, ಬೇಳೆ ತಳ ಹಿಡಿದಿತ್ತು.

ನೀವೂ ಸುಮ್ಮನೆ ಪರೀಕ್ಷೆಗೆಂದು ಮಾಡಬೇಡಿ, ಕೇಳಬೇಕಾದ ನಿಜವಾದ ಪ್ರಶ್ನೆ ಇಟ್ಟುಕೊಂಡು ಮಾಡಿ. ಸಭೆಯ ನಡುವೆ ಸ್ಪೀಕರ್ ಹಾಕಿ ಎಲ್ಲರೆದುರು ಕರೆ ಮಾಡಿ ತೋರಿಸುವುದಂತೂ ಬೇಡ. ಆ ಹೊತ್ತಿಗೆ ಇನ್ಯಾರಿಗೋ ಆ ಫೋನ್ ಲೈನ್ ಬೇಕಾಗಿರುತ್ತದೆ.

ಮೂರನೆಯದು, ಮಾತನಾಡುವವರನ್ನು ಹುಡುಕುವುದು

ದೊಡ್ಡ ಹೆಸರಿನ ತಜ್ಞರ ಹಿಂದೆ ಬೀಳಬೇಡಿ. ನಾವು ಬಿದ್ದೆವು, ನಲವತ್ತು ನಿಮಿಷ ಮಿದುಳಿನ ಚಿತ್ರಗಳನ್ನು ನೋಡಿದೆವು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ಶುಶ್ರೂಷಕರು ಇರುತ್ತಾರೆ. ನನ್ನ ಅನುಭವದಲ್ಲಿ ಇಂಥ ಸಭೆಗೆ ಹೇಳಿ ಮಾಡಿಸಿದವರು ಸಮಾಜ ಕಾರ್ಯಕರ್ತರು. ಮನೆಮನೆಯ ಜಗಳ, ಸಾಲ, ಕುಡಿತ, ಅತ್ತೆ ಸೊಸೆ ಎಲ್ಲವನ್ನೂ ಕಂಡವರು ಅವರು. ಅವರಿಗೆ ಪರದೆಯೂ ಬೇಡ, ಪ್ರೊಜೆಕ್ಟರೂ ಬೇಡ. ಪತ್ರವನ್ನು ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳ ಕಚೇರಿಗೆ ಕೊಡಿ, ಒಂದು ಪ್ರತಿಯನ್ನು ನಿಮ್ಮ ಹತ್ತಿರದ ‘ನಮ್ಮ ಕ್ಲಿನಿಕ್’ ಎಂಬ ಸಣ್ಣ ಸರ್ಕಾರಿ ದವಾಖಾನೆಯ ವೈದ್ಯರಿಗೆ. ನಮ್ಮ ಪತ್ರ ಇಷ್ಟೇ ಇತ್ತು:

‘ನಮ್ಮ ಬಡಾವಣೆಯಲ್ಲಿ ಮನಸ್ಸಿನ ಆರೋಗ್ಯದ ಬಗ್ಗೆ ಒಂದೂವರೆ ಗಂಟೆಯ ಮಾತುಕತೆ ಏರ್ಪಡಿಸಿದ್ದೇವೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 29 ಮತ್ತು 30ನೇ ಸೆಕ್ಷನ್ನುಗಳ ಆಶಯದಂತೆ, ಕನ್ನಡದಲ್ಲಿ ಮಾತನಾಡಬಲ್ಲ ಒಬ್ಬರನ್ನು ಕಳುಹಿಸಿಕೊಡಬೇಕೆಂದು ಕೋರುತ್ತೇವೆ. ಸ್ಥಳ, ಕುರ್ಚಿ, ಧ್ವನಿವರ್ಧಕದ ವ್ಯವಸ್ಥೆ ನಮ್ಮದು. ಸನ್ಮಾನ, ವೇದಿಕೆ, ಉದ್ಘಾಟನೆ ಇರುವುದಿಲ್ಲ. ಟೆಲಿ ಮಾನಸ್ ಕರಪತ್ರಗಳು ಕನ್ನಡದಲ್ಲಿದ್ದರೆ ಇನ್ನೂರು ಪ್ರತಿ ಬೇಕು.’

ಉದ್ಘಾಟನೆ ಇಲ್ಲ ಎಂಬ ಸಾಲನ್ನು ಬಿಡಬೇಡಿ. ದೀಪ ಹಚ್ಚಲು ಗಣ್ಯರು ಬಂದರೆ ಒಂದು ಗಂಟೆ ಅವರನ್ನು ಕಾಯುವುದಕ್ಕೇ ಹೋಗುತ್ತದೆ, ಶಾಲು ಹಣ್ಣಿನ ಬುಟ್ಟಿಗೆ ಸಂಘದ ದುಡ್ಡು ಹೋಗುತ್ತದೆ.

ದಿನದ ವಿಚಾರ. ಸೆಪ್ಟೆಂಬರ್ 10 ವಿಶ್ವ ಆತ್ಮಹತ್ಯೆ ತಡೆ ದಿನ, ಅಕ್ಟೋಬರ್ 10 ವಿಶ್ವ ಮಾನಸಿಕ ಆರೋಗ್ಯ ದಿನ. ಆ ಎರಡು ದಿನ ಈ ಊರಿನಲ್ಲಿ ಜಾಥಾ, ರಂಗೋಲಿ ಸ್ಪರ್ಧೆ, ಒಂದೇ ಬಣ್ಣದ ಟೀ ಶರ್ಟುಗಳ ಓಟ ಎಲ್ಲವೂ ಇರುತ್ತವೆ. ಓಡುವವರಿಗೆ ವ್ಯಾಯಾಮವಾಗುತ್ತದೆ, ಬೇಡವೆನ್ನಲಾರೆ. ಆದರೆ ಅಂದು ಮಾತನಾಡುವವರು ಒಬ್ಬರೂ ಬಿಡುವಾಗಿರುವುದಿಲ್ಲ. ಎರಡು ವಾರ ಬಿಟ್ಟು ಕೇಳಿ. ದಸರಾ, ದೀಪಾವಳಿ ನೋಡಿಕೊಳ್ಳಿ. ನನ್ನನ್ನು ಕೇಳಿದರೆ ಇನ್ನೂ ಒಳ್ಳೆಯ ಸಮಯ ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶಕ್ಕೆ ಎರಡು ವಾರ ಮುಂಚೆ. ಅಂದು ಅಪ್ಪ ಅಮ್ಮಂದಿರು ಕರೆಯದೆಯೇ ಬರುತ್ತಾರೆ.

ನಾಲ್ಕನೆಯದು, ಸಭೆಗೆ ಹೆಸರಿಡುವುದು

ಎರಡನೆಯ ಸಭೆಗೆ ನಾವಿಟ್ಟ ಹೆಸರು ‘ನಿದ್ದೆ, ಸಿಟ್ಟು, ಮರೆವು’. ಅಷ್ಟೇ. ನಿದ್ದೆ ಕೆಡದ ಮನೆ ಯಾವುದು, ಸಿಟ್ಟು ಇಲ್ಲದ ಗಂಡ ಎಲ್ಲಿದ್ದಾನೆ, ಕನ್ನಡಕ ಎಲ್ಲಿಟ್ಟೆ ಎಂದು ಹುಡುಕದ ಹಿರಿಯರು ಯಾರು? ಎಲ್ಲರಿಗೂ ಬರಲು ಒಂದು ನೆಪ ಸಿಕ್ಕಿತು.

ಹೆಸರಿನಷ್ಟೇ ಮುಖ್ಯ ಒಳಗೆ ಬಳಸುವ ಮಾತು. ‘ಖಿನ್ನತೆ’ ಪತ್ರಿಕೆಯ ಪದ. ಒಳ್ಳೆಯ ಪದವೇ, ಆದರೆ ನನಗೆ ಖಿನ್ನತೆ ಎಂದು ಹೇಳಿಕೊಂಡು ಬಂದವರನ್ನು ನಮ್ಮ ಬೀದಿಯಲ್ಲಿ ನಾನು ಕಂಡಿಲ್ಲ. ನಮ್ಮವರ ಸಂಕಟ ಮೈಯಿಂದ ಮಾತನಾಡುತ್ತದೆ. ಎದೆ ಡವಡವ, ಹೊಟ್ಟೆಯಲ್ಲಿ ತಳಮಳ, ಕೈಕಾಲು ಜೋಮು, ಊಟ ಸೇರುವುದಿಲ್ಲ, ತಲೆ ಭಾರ, ಮೈಯೆಲ್ಲ ಉರಿ. ಹೃದಯದ ಪರೀಕ್ಷೆ, ಹೊಟ್ಟೆಯ ಸ್ಕ್ಯಾನ್ ಎಲ್ಲ ಮುಗಿಸಿ, ಎಲ್ಲವೂ ಸರಿಯಿದೆ ಎಂಬ ವರದಿಯ ಕಡತ ಕಂಕುಳಲ್ಲಿ ಇಟ್ಟುಕೊಂಡು ತಿರುಗುವವರು ಎಷ್ಟು ಮಂದಿ! ಇನ್ನು ‘ಬೇಜಾರು’. ಬಸ್ ತಪ್ಪಿದರೂ ಬೇಜಾರು, ಮಗ ತೀರಿಕೊಂಡರೂ ಬೇಜಾರು. ಒಂದೇ ಪದದಲ್ಲಿ ಎಲ್ಲವನ್ನೂ ಮುಚ್ಚಿಡುವ ಸೌಕರ್ಯ ನಮಗಿದೆ. ಆದ್ದರಿಂದ ಮಾತನಾಡುವವರಿಗೆ ಮೊದಲೇ ಹೇಳಿ: ‘ಬೇಜಾರು ಎಂದವರನ್ನು ಎಷ್ಟು ದಿನದಿಂದ ಎಂದು ಕೇಳಿ.’ ಎರಡು ವಾರದಿಂದ ದಿನವಿಡೀ ಇದೆ, ಊಟ ನಿದ್ದೆ ಕೆಟ್ಟಿದೆ, ಮೊದಲು ಇಷ್ಟವಾಗಿದ್ದ ಯಾವುದೂ ಬೇಡ ಎನಿಸಿದೆ ಎಂದರೆ ತೋರಿಸಿಕೊಳ್ಳುವ ಹೊತ್ತು ಬಂದಿದೆ ಎಂದರ್ಥ.

ಈ ಊರಿಗೇ ವಿಶೇಷವಾದ ಇನ್ನೊಂದು ತೊಡಕಿದೆ. ‘ನಿನ್ನನ್ನು ನಿಮ್ಹಾನ್ಸ್‌ಗೆ ಸೇರಿಸಬೇಕು’ ಎಂಬುದು ಬೆಂಗಳೂರಿನ ಹಳೆಯ ತಮಾಷೆ. ತರಗತಿಯಲ್ಲಿ ಮಕ್ಕಳು ಹೇಳುವುದನ್ನು ಮೂವತ್ತು ವರ್ಷ ಕೇಳಿದ್ದೇನೆ, ಒಂದೆರಡು ಸಲ ನಾನೂ ಹೇಳಿದ್ದೇನೆ. 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹಾಗೂ ಹಳೆಯ ಮಾನಸಿಕ ಆಸ್ಪತ್ರೆಯನ್ನು 1974ರಲ್ಲಿ ಕೂಡಿಸಿ ಕಟ್ಟಿದ ಸಂಸ್ಥೆ ಅದು. ಅಲ್ಲಿಗೆ ಪಾರ್ಶ್ವವಾಯು, ಮೂರ್ಛೆ ರೋಗ, ತಲೆಗೆ ಪೆಟ್ಟು ಬಿದ್ದವರೂ ಹೋಗುತ್ತಾರೆ. ದೇಶದ ಮೂಲೆ ಮೂಲೆಯಿಂದ ರೈಲು ಹತ್ತಿ ಬರುತ್ತಾರೆ. ಹೊಸೂರು ರಸ್ತೆಗೆ ಒಂದು ಬಸ್ ದೂರದಲ್ಲಿರುವ ನಮಗೆ ಮಾತ್ರ ಅದು ಬೈಗುಳವಾಗಿ ಉಳಿದಿದೆ. ಸಭೆಯಲ್ಲಿ ಈ ತಮಾಷೆಯನ್ನು ನೀವೇ ಮೊದಲು ಎತ್ತಿ, ನಗು ಬಂದರೆ ನಗಲಿ. ಆಮೇಲೆ ಅಲ್ಲಿ ಏನೇನು ವಿಭಾಗಗಳಿವೆ ಎಂದು ಹೇಳಿ.

ದೇವರು, ದೆವ್ವ, ತಾಯತದ ಮಾತು ಬಂದರೆ ಹಂಗಿಸಬೇಡಿ. ತಾಯತ ಬಿಚ್ಚು ಎಂದರೆ ಆ ತಾಯಿ ಮುಂದಿನ ಸಭೆಗೆ ಬರುವುದಿಲ್ಲ. ತಾಯತ ತೋಳಲ್ಲಿ ಇರಲಿ, ಮಾತ್ರೆ ಹೊಟ್ಟೆಗೆ ಹೋಗಲಿ ಎಂದರೆ ಒಪ್ಪುತ್ತಾರೆ. ಆದರೆ ಕಟ್ಟಿಹಾಕುವ ವಿಚಾರದಲ್ಲಿ ರಾಜಿ ಬೇಡ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ ಸರಪಳಿ ಬಿಗಿದಿದ್ದ ರೋಗಿಗಳು ಬೆಂಕಿಯಿಂದ ತಪ್ಪಿಸಿಕೊಳ್ಳಲಾಗದೆ ಸತ್ತರು. ಈಗಿನ ಕಾಯ್ದೆಯ 95ನೇ ಸೆಕ್ಷನ್ ಯಾವ ರೀತಿಯಲ್ಲೂ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಇದನ್ನು ಗಟ್ಟಿಯಾಗಿಯೇ ಹೇಳಿಸಿ.

ಐದನೆಯದು, ಸಭೆಯ ಆ ಒಂದೂವರೆ ಗಂಟೆ

ವೇದಿಕೆ ಬೇಡ, ಕುರ್ಚಿಗಳನ್ನು ದುಂಡಗೆ ಹಾಕಿ. ಮನೆಕೆಲಸದವರು, ಕಾವಲುಗಾರರು ಬರಬೇಕೆಂದರೆ ಮಧ್ಯಾಹ್ನ ಮೂರೂವರೆ ಒಳ್ಳೆಯ ಸಮಯ. ಅವರಿಗೆ ಹಿಂದಿನ ಸಾಲು ಎಂದು ಇರಬಾರದು, ದುಂಡಗೆ ಹಾಕಿದರೆ ಆ ಸಮಸ್ಯೆಯೇ ಇಲ್ಲ. ಹಾಜರಿ ಪುಸ್ತಕ ಇಡಬೇಡಿ. ಇಲಾಖೆಯವರು ವರದಿಗೆ ಫೋಟೊ ಕೇಳುತ್ತಾರೆ, ಅದು ಅವರ ಕಷ್ಟ. ಹಿಂದಿನಿಂದ, ತಲೆಗಳಷ್ಟೇ ಕಾಣುವಂತೆ ಒಂದು ತೆಗೆದುಕೊಡಿ. ನಮ್ಮ ಸಂಘದ ಮೊಬೈಲ್ ಗುಂಪಿಗೆ ಅದನ್ನೂ ಹಾಕುವುದಿಲ್ಲ.

ಮೊದಲ ಹತ್ತು ನಿಮಿಷದಲ್ಲೇ ಎಲ್ಲರೂ ಮೊಬೈಲ್ ತೆಗೆದು 14416 ಉಳಿಸಿಕೊಳ್ಳಲಿ. ನೀವು ಕಾಯಿರಿ, ಪಕ್ಕದವರು ಹಿರಿಯರಿಗೆ ಸಹಾಯ ಮಾಡಲಿ. ಯಾವ ಹೆಸರಿನಲ್ಲಿ ಉಳಿಸಿಕೊಳ್ಳುತ್ತೀರಿ ಎಂಬುದು ನಿಮ್ಮಿಷ್ಟ ಎಂದು ಹೇಳಿ. ಒಬ್ಬಾಕೆ ‘ಗ್ಯಾಸ್ ಸಿಲಿಂಡರ್’ ಎಂದು ಟೈಪ್ ಮಾಡುತ್ತಿದ್ದುದು ನನ್ನ ಕಣ್ಣಿಗೆ ಬಿತ್ತು. ತಲೆ ಎತ್ತಿ ನನ್ನನ್ನು ನೋಡಿದರು, ನಾನು ಕಿಟಕಿಯ ಕಡೆ ನೋಡಿದೆ.

ಪ್ರಶ್ನೆಗಳಿಗೆ ಕೈ ಎತ್ತಿಸಬೇಡಿ. ಎಲ್ಲರಿಗೂ ಒಂದೇ ಅಳತೆಯ ಚೀಟಿ, ಒಂದೇ ಬಣ್ಣದ ಪೆನ್ನು ಕೊಡಿ. ಪ್ರಶ್ನೆ ಇಲ್ಲದವರೂ ಏನಾದರೂ ಬರೆಯಲೇಬೇಕು, ‘ಕಾಫಿಗೆ ಸಕ್ಕರೆ ಕಡಿಮೆ’ ಎಂದಾದರೂ ಸರಿ. ಆಗ ಯಾರು ಬರೆದರು, ಯಾರು ಬಿಟ್ಟರು ಎಂಬುದು ತಿಳಿಯುವುದಿಲ್ಲ. ಬರೆಯಲು ಬಾರದವರು ಹೊರಗೆ ನಿಂತ ಆಶಾ ಕಾರ್ಯಕರ್ತೆಯ ಕಿವಿಯಲ್ಲಿ ಹೇಳಿ ಬರೆಸಲಿ. ಚೀಟಿಗಳೆಲ್ಲ ಒಂದು ಸ್ಟೀಲ್ ಡಬ್ಬಿಗೆ. ನಮ್ಮ ಡಬ್ಬಿ ಹಿಂದೆ ಚಕ್ಕುಲಿ ಇಡುತ್ತಿದ್ದುದು, ಇನ್ನೂ ಎಳ್ಳಿನ ವಾಸನೆ ಹೋಗಿಲ್ಲ.

ಈ ಡಬ್ಬಿಯಿಂದ ಏನು ಬೇಕಾದರೂ ಹೊರಬರಬಹುದು, ಅದಕ್ಕೆ ಸಿದ್ಧರಿರಿ. ಎರಡನೆಯ ಸಭೆಗೆ ಜಿಲ್ಲಾ ತಂಡದ ಮನೋವೈದ್ಯೆ ಬಂದಿದ್ದರು. ಹದಿನಾರೋ ಹದಿನೇಳನೆಯದೋ ಚೀಟಿ ಬಿಡಿಸಿದವರು ಓದಲು ಶುರು ಮಾಡಿ ನಿಲ್ಲಿಸಿದರು. ಅದನ್ನು ಮಡಿಸಿ ಅಂಗೈಯಲ್ಲಿಟ್ಟುಕೊಂಡು, ಯಾರ ಮುಖವನ್ನೂ ನೋಡದೆ ಹೇಳಿದರು: ‘ಇದನ್ನು ಬರೆದವರೇ, ಇವತ್ತು ರಾತ್ರಿಯ ತನಕ ಕಾಯಬೇಡಿ. ಸಭೆ ಮುಗಿದ ಮೇಲೆ ನಾನು ಹಿಂದಿನ ಕೋಣೆಯಲ್ಲಿ ಕುಳಿತಿರುತ್ತೇನೆ. ನೀವು ಬರುವ ತನಕ ಎದ್ದು ಹೋಗುವುದಿಲ್ಲ.’ ಆಮೇಲೆ ಮುಂದಿನ ಚೀಟಿ ತೆಗೆದರು. ಅದು ಕಾಫಿಯ ಬಗ್ಗೆ ಇತ್ತು, ಎಲ್ಲರೂ ನಕ್ಕರು. ಸಭೆ ಐದಕ್ಕೆ ಮುಗಿಯಿತು. ಕುರ್ಚಿ ಮಡಿಸುವವರೂ ಹೋದರು. ಆ ಕೋಣೆಯ ದೀಪ ಏಳೂವರೆಯ ತನಕ ಉರಿಯುತ್ತಿತ್ತು. ಯಾರು ಬಂದರು ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಅಂದಿನಿಂದ ನಮ್ಮದೊಂದು ನಿಯಮ: ವೈದ್ಯರು ಅಥವಾ ತರಬೇತಿಯಾದವರು ಇಲ್ಲದ ಸಭೆಯಲ್ಲಿ ಡಬ್ಬಿ ಇಡುವುದಿಲ್ಲ. ಇಟ್ಟರೆ, ಸಭೆ ಮುಗಿದ ಮೇಲೆ ಒಂದು ಗಂಟೆ ಕೂರುತ್ತೇನೆಂಬ ಮಾತನ್ನು ಬರುವವರಿಂದ ಮೊದಲೇ ಪಡೆದಿರುತ್ತೇವೆ. ಆ ಕೋಣೆಗೆ ಹಿಂಬಾಗಿಲು ಇದ್ದರೆ ಒಳ್ಳೆಯದು.

ಸಾಯುವ ಮಾತು ಬಂದಾಗ ಬಾಯಿ ಮುಚ್ಚಿಸಬೇಡಿ. ‘ಅಂಥದ್ದೇನಾದರೂ ಮನಸ್ಸಿಗೆ ಬರುತ್ತಿದೆಯೇ?’ ಎಂದು ನೇರವಾಗಿ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇರುವ ಯೋಚನೆ ಹೊರಬರುತ್ತದೆ. ಹೇಗೆ ಸತ್ತರು ಎಂಬ ವಿವರಗಳನ್ನು ಮಾತ್ರ ಯಾರೂ ಬಿಡಿಸಿ ಹೇಳದಂತೆ ನೋಡಿಕೊಳ್ಳಿ. ಪೊಲೀಸ್ ಕೇಸಿನ ಹೆದರಿಕೆಯಿಂದ ಆಸ್ಪತ್ರೆಗೆ ತಡವಾಗಿ ಒಯ್ಯುವವರು ಇನ್ನೂ ಇದ್ದಾರೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅದಕ್ಕಾಗಿ ಶಿಕ್ಷಿಸುವಂತಿಲ್ಲ ಎಂದು ಅದೇ ಕಾಯ್ದೆಯ 115ನೇ ಸೆಕ್ಷನ್ ಹೇಳುತ್ತದೆ.

ಆರನೆಯದು, ಮರುದಿನ ನಿಮ್ಮ ಮನೆಯ ಗೇಟಿಗೆ ಬರುವವರು

ಬರುತ್ತಾರೆ. ಮೊದಲು ಕರಿಬೇವು ಕೇಳುತ್ತಾರೆ, ಆಮೇಲೆ ಮಾತು ತೆಗೆಯುತ್ತಾರೆ. ‘ನಮ್ಮ ಪರಿಚಯದವರೊಬ್ಬರಿಗೆ’ ಎಂದೇ ಆರಂಭ. ಆ ಪರಿಚಯದವರು ಯಾರೆಂದು ಕೆದಕಬೇಡಿ. ಸಮಾಲೋಚಕರಾಗಲು ಹೋಗಬೇಡಿ. ‘ಮನಸ್ಸಿಗೆ ಹಚ್ಚಿಕೊಳ್ಳಬೇಡಿ’, ‘ನಿಮಗೇನು ಕಡಿಮೆಯಾಗಿದೆ’ ಎಂಬ ಎರಡು ಮಾತುಗಳನ್ನು ನುಂಗಿಕೊಳ್ಳಿ. ಕೇಳಿಸಿಕೊಂಡು, ದಾರಿ ಹೇಳಿ.

ದಾರಿ ಹೀಗೆ. ಮಾತನಾಡಿದರೆ ಸಾಕು ಎನಿಸಿದವರಿಗೆ 14416. ಹತ್ತಿರದಲ್ಲೇ ತೋರಿಸಿಕೊಳ್ಳಬೇಕೆಂದರೆ ನಮ್ಮ ಕ್ಲಿನಿಕ್ಕಿನ ವೈದ್ಯರು ನೋಡಿ, ಬೇಕಾದರೆ ಮುಂದಕ್ಕೆ ಚೀಟಿ ಬರೆದುಕೊಡುತ್ತಾರೆ. ವಿಕ್ಟೋರಿಯಾದಂಥ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ‘ಎಲ್ಲಿಗೆ ಹೋಗಿದ್ದಿರಿ?’ ಎಂದು ಯಾರಾದರೂ ಕೇಳಿದರೆ ‘ವಿಕ್ಟೋರಿಯಾಕ್ಕೆ’ ಎನ್ನಬಹುದು, ಹಲವರಿಗೆ ಇದೇ ದೊಡ್ಡ ಸಮಾಧಾನ. ಊರಿನಲ್ಲಿರುವ ತಾಯಿಯ ಬಗ್ಗೆ, ತಮ್ಮನ ಬಗ್ಗೆ ಚಿಂತೆ ಹೇಳಿಕೊಳ್ಳುವವರೂ ಬಹಳ. ಅಂಥವರಿಗೆ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮ ತಿಳಿಸಿ, ತಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ವಿಚಾರಿಸಲಿ.

ನಿಮ್ಹಾನ್ಸ್‌ಗೆ ಮೊದಲ ಸಲ ಹೋಗುವವರು ಇಡೀ ದಿನವನ್ನು ಅದಕ್ಕೇ ಇಟ್ಟುಕೊಳ್ಳಲಿ. ಬೆಳಗ್ಗೆ ಬೇಗ ಹೋಗಬೇಕು. ಗುರುತಿನ ಚೀಟಿ, ಹಳೆಯ ಔಷಧದ ಚೀಟಿಗಳು, ಬಿಪಿಎಲ್ ಕಾರ್ಡ್ ಇದ್ದರೆ ಅದು, ಜೊತೆಗೆ ಮನೆಯ ಒಬ್ಬರು, ಒಂದು ಬುತ್ತಿ, ನೀರು. ರೋಗಿಗೆ ಯಾವಾಗಿನಿಂದ ಏನೇನಾಯಿತು ಎಂದು ಅರ್ಧ ಹಾಳೆಯಲ್ಲಿ ದಿನಾಂಕ ಸಮೇತ ಬರೆದುಕೊಂಡು ಹೋದರೆ ವೈದ್ಯರ ಸಮಯವೂ ಉಳಿಯುತ್ತದೆ, ಗಾಬರಿಯಲ್ಲಿ ಮುಖ್ಯವಾದದ್ದು ಮರೆತೂ ಹೋಗುವುದಿಲ್ಲ. ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ. ಈಗಲೇ ಪ್ರಾಣಕ್ಕೆ ಅಪಾಯ ಎಂದಾದರೆ ಯೋಚಿಸುತ್ತಾ ಕೂರಬೇಡಿ, 112 ಅಥವಾ 108. ಆ ಮನುಷ್ಯನನ್ನು ಒಂಟಿಯಾಗಿ ಬಿಡಬೇಡಿ.

ಕಾನೂನಿನ ಮೂರು ಸಂಗತಿ ಬಾಯಿಪಾಠವಾಗಿರಲಿ, ಪದೇ ಪದೇ ಕೇಳುತ್ತಾರೆ. ಬಡತನದ ರೇಖೆಗಿಂತ ಕೆಳಗಿರುವವರಿಗೆ ಸರ್ಕಾರಿ ಸಂಸ್ಥೆಗಳಲ್ಲಿ ಮಾನಸಿಕ ಚಿಕಿತ್ಸೆ ಉಚಿತ, ಅದು 18ನೇ ಸೆಕ್ಷನ್. ಆರೋಗ್ಯ ವಿಮೆಯವರು ದೇಹದ ಕಾಯಿಲೆಗೆ ಕೊಟ್ಟಂತೆ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು, ಅದು 21. ಚಿಕಿತ್ಸೆಯ ಗುಟ್ಟು ಕಾಯುವುದು ವೈದ್ಯರ ಕರ್ತವ್ಯ, ಅದು 23. ಕೊನೆಯದನ್ನು ಮದುವೆಗೆ ಬಂದ ಹೆಣ್ಣುಮಕ್ಕಳಿರುವ ಮನೆಯವರು ಎರಡೆರಡು ಸಲ ಕೇಳಿ ಖಚಿತಪಡಿಸಿಕೊಳ್ಳುತ್ತಾರೆ.

ಮನಸ್ಸಿನ ಕಾಯಿಲೆಯಿಂದ ಬೀದಿಯಲ್ಲಿ ಅಲೆಯುವವರೊಬ್ಬರು ನಮ್ಮ ಪಾರ್ಕಿನ ಕಲ್ಲುಬೆಂಚಿನಲ್ಲಿ ತಿಂಗಳಗಟ್ಟಲೆ ಮಲಗುತ್ತಿದ್ದರು. ಓಡಿಸಿ ಎಂದು ಸಂಘಕ್ಕೆ ದೂರು ಬರುತ್ತಿತ್ತು. 100ನೇ ಸೆಕ್ಷನ್ ಪ್ರಕಾರ ಅಂಥವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ತಲುಪಿಸುವುದು ಠಾಣಾಧಿಕಾರಿಯ ಕರ್ತವ್ಯ. ಲಾಕಪ್ಪಿಗೆ ಹಾಕುವಂತಿಲ್ಲ. ಸೆಕ್ಷನ್ನಿನ ಸಂಖ್ಯೆ ಬರೆದು ಅರ್ಜಿ ಕೊಟ್ಟೆವು, ಮೂರನೆಯ ಭೇಟಿಗೆ ಕೆಲಸವಾಯಿತು.

ಉಳಿದದ್ದು, ಆ ಸಂಖ್ಯೆ ಎಲ್ಲಿರಬೇಕು ಎಂಬುದು

ಕರಪತ್ರವನ್ನು ಸಂಘದ ಸೂಚನಾ ಫಲಕಕ್ಕೆ ಹಾಕಿದರೆ ನಿಂತು ಓದುವವರಿಲ್ಲ. ನಿಂತರೆ ಹಿಂದಿನಿಂದ ಯಾರಾದರೂ ನೋಡುತ್ತಾರೆ. ಮನುಷ್ಯ ಒಬ್ಬನೇ ಇರುವ ಜಾಗಗಳಲ್ಲಿ ಅಂಟಿಸಿ: ಲಿಫ್ಟಿನ ಒಳಗೆ, ಸಮುದಾಯ ಭವನದ ಶೌಚಾಲಯದ ಬಾಗಿಲ ಹಿಂದೆ, ಕಾವಲುಗಾರರ ಕೋಣೆಯಲ್ಲಿ, ತಾರಸಿಗೆ ಹೋಗುವ ಬಾಗಿಲ ಮೇಲೆ. ತಾರಸಿಯ ಬಾಗಿಲಿಗೆ ಬೇಡ, ಬಾಡಿಗೆಗೆ ಬರುವವರು ಏನೆಂದುಕೊಳ್ಳುತ್ತಾರೆ ಎಂದು ಒಬ್ಬ ಮಾಲೀಕರು ತಕರಾರು ತೆಗೆದರು. ಎರಡು ಸಭೆ ವಾದ ಮಾಡಿ ಒಪ್ಪಿಸಿದೆವು. ಅಕ್ಷರ ದಪ್ಪವಾಗಿರಲಿ, ಸಂಖ್ಯೆ ಒಂದೇ ಇರಲಿ, ನಗುವ ಸೂರ್ಯನ ಚಿತ್ರ ಬೇಡ.

ಮೂರು ತಿಂಗಳಿಗೊಮ್ಮೆ ಸುತ್ತು ಹಾಕಿ ನೋಡಿ. ಹೋದ ಸಲ ಎರಡನೆಯ ಬ್ಲಾಕಿನ ಲಿಫ್ಟಿನಲ್ಲಿ ನಮ್ಮ ಚೀಟಿಯ ಮೇಲೆಯೇ ಇಂಟರ್‌ನೆಟ್ ಸಂಪರ್ಕದ ಜಾಹೀರಾತು ಅಂಟಿಸಿದ್ದರು. ಕೀಳಲು ಹೋದರೆ ಎರಡೂ ಹರಿದುಬಂದವು. ಹೊಸದು ಅಂಟಿಸಲು ಸಂಜೆ ಹೋದಾಗ ಅಲ್ಲಿ ಆಗಲೇ ಯಾರೋ ಗೋಡೆಯ ಮೇಲೆ ಪೆನ್ಸಿಲಿನಲ್ಲಿ, ಸಣ್ಣಗೆ, 14416 ಎಂದು ಬರೆದಿಟ್ಟಿದ್ದರು. ಅದರ ಮೇಲೆ ಅಂಟಿಸದೆ, ಪಕ್ಕದಲ್ಲಿ ಅಂಟಿಸಿ ಬಂದೆ.